ಎಫೆಸಸ್‌ನಲ್ಲಿ ಚಿಕ್ಕಮ್ಮ

ಹಡಗಿನ ಊಟದ ಕೋಣೆಯಲ್ಲಿ ಬೆಳಗ್ಗೆ ಏಳೂವರೆಗೆ ನಾನು ಮೊಸರಿಗೆ ಬೆರೆಸಲು ಉಪ್ಪು ಹುಡುಕುತ್ತಿದ್ದೆ. ಎದುರಿಗೆ ಕೂತಿದ್ದ ಭಾವ ಕಾಫಿ ಕಪ್ಪಿನಿಂದ ಕಣ್ಣೆತ್ತದೆ ಹೇಳಿದರು: "ಸಂಜೆ ನಾಲ್ಕೂವರೆಗೆ ಪೋರ್ಟಿಂದ ಊರಿಗೆ ಫೋನ್ ಮಾಡ್ತೀನಿ. ಆಗ ಅಲ್ಲಿ ಏಳು ಗಂಟೆ. ಮಾವ ಕಾಯ್ತಿರ್ತಾರೆ. ಏನು ಹೇಳಬೇಕು ಅಂತ ಅಷ್ಟೊತ್ತಿಗೆ ಹೇಳಿಬಿಡು."

ಹೇಳಬೇಕಾಗಿದ್ದದ್ದು ಇಷ್ಟೇ: ನಾನು ಅವರನ್ನು ಮದುವೆಯಾಗುತ್ತೇನೋ ಇಲ್ಲವೋ. ಕೊಡೆ ತರಲೋ ಬೇಡವೋ ಎಂದು ವಿಚಾರಿಸುವ ದನಿಯಲ್ಲಿ ಅವರು ಕೇಳಿದ್ದರು. ನಾನೂ ಅದೇ ದನಿಯಲ್ಲಿ "ಹೂಂ" ಅಂದೆ. ಆ ಹೂಂಗೆ ಅಷ್ಟೊತ್ತಿಗೆ ಹೇಳುತ್ತೇನೆ ಎಂದಷ್ಟೇ ಅರ್ಥ. ಅವರಿಗೆ ಹೇಗೆ ಕೇಳಿಸಿತೋ ಗೊತ್ತಿಲ್ಲ. ಪಕ್ಕದಲ್ಲಿ ಅವರ ಎಂಟು ವರ್ಷದ ಮಗಳು, ಅಂದರೆ ನನ್ನ ಅಕ್ಕನ ಮಗಳು, ಪ್ಯಾನ್‌ಕೇಕಿನ ಮೇಲೆ ಜೇನು ಸುರಿಯುತ್ತ ಕೂತಿದ್ದಳು. ಇಂಥ ಮಾತೆಲ್ಲ ಕನ್ನಡದಲ್ಲಿ ಆಡಿದರೆ ಅವಳಿಗೆ ತಿಳಿಯುವುದಿಲ್ಲ ಎಂದು ನಾವಿಬ್ಬರೂ ನಂಬಿದ್ದೆವು.

ಅಕ್ಕ ತೀರಿಕೊಂಡು ವರ್ಷದ ಮೇಲೆ ಎರಡು ತಿಂಗಳಾಗಿತ್ತು. ಅವಳು ನನಗಿಂತ ಏಳು ವರ್ಷ ದೊಡ್ಡವಳು. ಮದುವೆಯಾಗಿ ಬಂದು ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಸಂಸಾರ ಹೂಡಿದ್ದಳು. ನಾನು ಬಂದದ್ದು ತಡವಾಗಿ, ಡಾಟ್‌ಕಾಮ್ ಗುಳ್ಳೆ ಒಡೆದು ಐಟಿ ಮತ್ತೆ ಚಿಗುರಿಕೊಂಡ ವರ್ಷಗಳಲ್ಲಿ. ಮ್ಯಾನ್‌ಹಟನ್ನಿನ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆ ಕೆಲಸಕ್ಕೆ ನನ್ನ ಸ್ವಭಾವ ಚೆನ್ನಾಗಿ ಹೊಂದುತ್ತದೆ ಎಂದು ಅಕ್ಕ ಛೇಡಿಸುತ್ತಿದ್ದಳು. ಸೀಕಾಕಸ್‌ನಲ್ಲಿ ಗೋಡೌನುಗಳ ಹಿಂದಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆ. ಅಕ್ಕನಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಪ್ರತಿ ಶುಕ್ರವಾರ ಆಫೀಸಿನಿಂದ ನೇರ ಪೆನ್ ಸ್ಟೇಷನ್ನಿಗೆ ಹೋಗಿ ಹಿಕ್ಸ್‌ವಿಲ್ ರೈಲು ಹಿಡಿಯತೊಡಗಿದೆ. ಭಾವ ಮಗಳನ್ನು ಕೂರಿಸಿಕೊಂಡು ಸ್ಟೇಷನ್ನಿಗೆ ಕಾರು ತರುತ್ತಿದ್ದರು. ಅಕ್ಕ ಹೋದ ಮೇಲೂ ಅದು ನಿಲ್ಲಲಿಲ್ಲ. ಶನಿವಾರ ಮಗುವಿನ ತಲೆಗೆ ಎಣ್ಣೆ, ಬಿಸಿಬೇಳೆಬಾತು, ಹೋಮ್‌ವರ್ಕು. ಭಾನುವಾರ ಸಂಜೆ ಮತ್ತೆ ಸೀಕಾಕಸ್. ಭಾವ ನನ್ನೊಡನೆ "ಬಂದ್ಯಾ" ಮತ್ತು "ತಲುಪಿದ ಮೇಲೆ ಫೋನ್ ಮಾಡು" ಎಂಬೆರಡು ಮಾತು ಬಿಟ್ಟು ಮೂರನೆಯದನ್ನು ಆಡುತ್ತಿದ್ದದ್ದು ಅಪರೂಪ. ಒಳ್ಳೆಯವರು. ಅವರ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಅಷ್ಟೇ.

ವರ್ಷದ ತಿಥಿ ಮುಗಿದದ್ದೇ ತಡ ಊರಿನಿಂದ ಫೋನು ಶುರುವಾಯಿತು. ಹೊರಗಿನವಳು ಬಂದರೆ ಮಗುವಿನ ಗತಿ ಏನು, ಮನೆಯಲ್ಲೇ ತಂಗಿ ಇರುವಾಗ ಬೇರೆ ಕಡೆ ಯಾಕೆ ಹುಡುಕಬೇಕು, ವೈಶಾಖದಲ್ಲಿ ಒಳ್ಳೆಯ ಮುಹೂರ್ತಗಳಿವೆ, ಹೀಗೆ. ಈ ಫೋನುಗಳೆಲ್ಲ ಹೋಗುತ್ತಿದ್ದುದು ಜೆರಿಕೋಗೆ, ಭಾವನಿಗೆ. ಅಪ್ಪ ಅಳಿಯನನ್ನು ಕೇಳುವುದು, ಅಳಿಯ ನನ್ನನ್ನು ಕೇಳುವುದು. ಅಮ್ಮ ಮಾತ್ರ ನನಗೇ ಫೋನ್ ಮಾಡಿ, ಟೂರಿಗೆ ಹೋಗುವ ಮುಂಚೆ ಜ್ಯಾಕ್ಸನ್ ಹೈಟ್ಸಿನಲ್ಲಿ ಒಂದು ಒಳ್ಳೆಯ ರೇಷ್ಮೆ ಸೀರೆ ತೆಗೆದುಕೋ ಅಂದಳು. ಹಡಗಿನಲ್ಲಿ ರೇಷ್ಮೆ ಸೀರೆ ಉಟ್ಟು ಯಾರಿಗೆ ತೋರಿಸಲಿ ಎಂದು ಕೇಳಿದೆ. ಆಮೇಲೆ ಅಲ್ಲಿನ ಎಪ್ಪತ್ನಾಲ್ಕನೇ ಬೀದಿಗೆ ಹೋಗಿ, ಸೀರೆ ಅಂಗಡಿಗಳನ್ನೆಲ್ಲ ದಾಟಿ, ಎರಡು ಸಮೋಸ ತಿಂದು, ಒಂದು ಜೊತೆ ಕ್ಯಾನ್ವಾಸ್ ಬೂಟು ಕೊಂಡುಕೊಂಡು ಬಂದೆ.

ಏಪ್ರಿಲ್ ರಜೆಗೆ ಈ ಕ್ರೂಸ್ ಬುಕ್ ಮಾಡಿದವರು ಭಾವ. ಮಗು ಶಾಲೆಯಲ್ಲಿ ಹಳೆಯ ರೋಮನ್ ಊರುಗಳ ಮೇಲೆ ಪ್ರಾಜೆಕ್ಟ್ ಮಾಡಿದ್ದಳು. ತುರ್ಕಿಯ ಎಫೆಸಸ್ ಎಂಬ ಹಳೆಯ ಬಂದರಿನ ಚಿತ್ರ ಬರೆದು, ಅದರ ಮುಂದೆ ನೀಲಿ ಸಮುದ್ರ, ಸಮುದ್ರದಲ್ಲಿ ಏಳು ಹಡಗು ಬಿಡಿಸಿದ್ದಳು. ಅದನ್ನು ಅವಳಿಗೆ ತೋರಿಸಬೇಕು ಎಂಬುದು ಒಂದು ನೆಪ. ನಾಲ್ಕು ದಿನ ಒಟ್ಟಿಗಿದ್ದರೆ ನಾವಿಬ್ಬರೂ ಮಾತಾಡಿಕೊಳ್ಳುತ್ತೇವೆ ಎಂಬುದು ಊರಿನವರ ಲೆಕ್ಕ. ನಾನೂ ಮಗುವೂ ಒಂದು ಕ್ಯಾಬಿನ್, ಭಾವ ಇನ್ನೊಂದು ಎಂಬುದನ್ನು ಅಮ್ಮನಿಗೆ ಮೂರು ಸಲ ಹೇಳಬೇಕಾಯಿತು. ಮೂರು ದಿನ ಕಳೆದರೂ ನಾವು ಮಾತಾಡಿದ್ದು ಊಟದ ಬಗ್ಗೆ, ಹವಾಮಾನದ ಬಗ್ಗೆ ಮಾತ್ರ. ಇದು ನಾಲ್ಕನೆಯ ದಿನ.

ನಾನು ಒಪ್ಪಿಕೊಳ್ಳುವವಳಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಮಗುವನ್ನು ಬಿಟ್ಟಿರುವುದು ನನ್ನಿಂದ ಆಗುತ್ತಿರಲಿಲ್ಲ, ಅದು ಮೊದಲ ಕಾರಣ. ಎಚ್ ಒನ್ ವೀಸಾದ ತಲೆನೋವು ತಪ್ಪುತ್ತದೆ ಎಂಬ ಯೋಚನೆಯೂ ಒಂದೆರಡು ಸಲ ಬಂದು ಹೋಗಿತ್ತು, ಬಂದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಭಾವನ ಬಗ್ಗೆ ಪ್ರೀತಿ ಇತ್ತೇ ಎಂದರೆ, ಅಕ್ಕನ ಗಂಡನ ಬಗ್ಗೆ ಇರಬೇಕಾದಷ್ಟು ಇತ್ತು. ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡು ಎದ್ದಿದ್ದೆ. ಆದರೆ ನಾಲ್ಕೂವರೆ ಎಂಬ ಗಂಟೆ ಗೊತ್ತಾದ ಮೇಲೆ, ಉಪ್ಪು ಸಿಕ್ಕಿದರೂ ಮೊಸರು ತಿನ್ನಲಾಗಲಿಲ್ಲ.

ಬಂದರಿನಲ್ಲಿ ನಮ್ಮ ಎದೆಗೆ ಹದಿನಾಲ್ಕು ಎಂಬ ಅಂಕಿಯ ಸ್ಟಿಕ್ಕರ್ ಅಂಟಿಸಿ ಹದಿನಾಲ್ಕನೇ ಬಸ್ಸಿಗೆ ಹತ್ತಿಸಿದರು. ಗೈಡು ಐವತ್ತು ದಾಟಿದ ತುರ್ಕಿ ಮನುಷ್ಯ, ಕೈಯಲ್ಲಿ ಹಳದಿ ಕೊಡೆ. ಬಸ್ಸು ಹೊರಡುವ ಮುಂಚೆಯೇ ಮೈಕಿನಲ್ಲಿ ತಾಕೀತು ಮಾಡಿದ: ಮೂರೂ ಕಾಲಿಗೆ ಕೆಳಗಿನ ಗೇಟಿನಿಂದ ಬಸ್ಸು ಹೊರಡುತ್ತದೆ, ಐದಕ್ಕೆ ಹಡಗಿನ ಬಾಗಿಲು ಹಾಕುತ್ತಾರೆ, ಕ್ಯಾಪ್ಟನ್ನಿನ ತಾಯಿ ಹೊರಗೆ ಉಳಿದರೂ ಹಡಗು ಕಾಯುವುದಿಲ್ಲ. ಎಲ್ಲರೂ ನಕ್ಕರು. ನಾನು ಗಡಿಯಾರ ನೋಡಿಕೊಂಡೆ.

ಮುಂದಿನ ಸೀಟಿನಲ್ಲಿದ್ದ ಹೆಂಗಸು ನಮ್ಮ ಮಾತು ಕೇಳಿ ತಿರುಗಿದರು. "ಕನ್ನಡದವರೇನ್ರಿ? ಎಷ್ಟ ಛಲೋ ಆತು ನೋಡ್ರಿ." ಹುಬ್ಬಳ್ಳಿ ಕಡೆಯವರು, ನ್ಯೂ ಜೆರ್ಸಿಯಲ್ಲಿ ನೆಲೆಸಿ ಇಪ್ಪತ್ತೈದು ವರ್ಷವಾಗಿತ್ತಂತೆ. ಜೊತೆಗೆ ವೀಡಿಯೋ ಕ್ಯಾಮೆರಾದಿಂದ ಕಣ್ಣು ತೆಗೆಯದ ಗಂಡ. ಆಂಟಿ ಐದೇ ನಿಮಿಷದಲ್ಲಿ ಭಾವನ ಕೆಲಸ, ಜೆರಿಕೋದ ಮನೆ, ಶಾಲೆ ಎಲ್ಲ ವಿಚಾರಿಸಿ ಮುಗಿಸಿದರು. ಅಷ್ಟರಲ್ಲಿ ಮಗು ನನ್ನ ತೋಳು ಜಗ್ಗಿ, "ಚಿಕ್ಕಮ್ಮ, ಕ್ಯಾನ್ ಐ ಸಿಟ್ ಬೈ ದ ವಿಂಡೋ?" ಅಂದಳು. ಆಂಟಿ ಭಾವನನ್ನು ನೋಡಿದರು, ನನ್ನನ್ನು ನೋಡಿದರು, ಅವರ ಕಣ್ಣು ಒಂದು ಗಳಿಗೆ ನನ್ನ ಖಾಲಿ ಕೊರಳಿಗೆ ಹೋಗಿ ಬಂತು. ಈ ಕಾಲದ ಹುಡುಗಿಯರು ತಾಳಿ ಹಾಕುವುದಿಲ್ಲ ಎಂದುಕೊಂಡಿರಬೇಕು. ನನಗೆ ಆಗ ಅದು ಹೊಳೆಯಲಿಲ್ಲ.

ಮೊದಲು ಗುಡ್ಡದ ಮೇಲಿನ ಒಂದು ಪುಟ್ಟ ಇಗರ್ಜಿ. ಆಂಟಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು, ಹಿಂದಿದ್ದ ಇಬ್ಬರು ಅಮೆರಿಕನ್ನರೂ ಅದೇ ಪದ್ಧತಿ ಇರಬೇಕೆಂದು ಬೂಟು ಬಿಚ್ಚತೊಡಗಿದರು. ಗೈಡು ಅವರಿಗೆ ಬೂಟು ಹಾಕಿಸುವುದರಲ್ಲಿ ಹತ್ತು ನಿಮಿಷ ಹೋಯಿತು. ಆಮೇಲೆ ಮ್ಯೂಸಿಯಂ, ಆಮೇಲೆ ಬುಫೆ ಊಟ. ಎಫೆಸಸ್ಸಿನ ಮೇಲಿನ ಗೇಟಿಗೆ ಬಂದಾಗ ಒಂದೂವರೆ. ಅಲ್ಲಿಂದ ಅಮೃತಶಿಲೆಯ ಬೀದಿಯಲ್ಲಿ ಇಳಿಯುತ್ತ ಕೆಳಗಿನ ಗೇಟಿಗೆ ಬರುವುದು. ಕಾಲು ಜಾರುವಷ್ಟು ನುಣುಪಾದ ಕಲ್ಲು, ಎರಡೂ ಕಡೆ ಮುರಿದ ಕಂಬ, ಕಂಬಕ್ಕೊಂದು ಬೆಕ್ಕು.

ಮಗು ನೋಟ್‌ಬುಕ್ ಹಿಡಿದು ಗೈಡಿನ ಪಕ್ಕದಲ್ಲೇ ನಡೆಯುತ್ತಿದ್ದಳು. ಸಮುದ್ರ ಎಲ್ಲಿ ಎಂದು ಕೇಳಿದಳು. ಗೈಡು ಕೊಡೆಯ ತುದಿಯಿಂದ ದೂರದ ಹಸಿರು ಬಯಲು ತೋರಿಸಿದ. ಹಿಂದೆ ಸಮುದ್ರ ಈ ಊರಿನ ಕಾಲಬುಡಕ್ಕೇ ಬರುತ್ತಿತ್ತಂತೆ. ನದಿ ವರ್ಷ ವರ್ಷವೂ ಹೂಳು ತಂದು ಸುರಿದು ಬಂದರು ತುಂಬಿಹೋಯಿತಂತೆ, ಈಗ ಇಲ್ಲಿ ನಿಂತರೆ ಸಮುದ್ರ ಕಾಣುವುದೂ ಇಲ್ಲ. ಮಗು ತನ್ನ ಏಳು ಹಡಗುಗಳಿಗೆ ಮೋಸವಾಯಿತು ಎಂಬ ಮುಖ ಮಾಡಿದಳು. ಹಳೆಯ ಸಾರ್ವಜನಿಕ ಪಾಯಿಖಾನೆಯ ಸಾಲುಗಲ್ಲು ಬಂದಾಗ ಆಂಟಿ, "ನಡುವ ಒಂದ ಗ್ವಾಡಿನೂ ಇಲ್ಲಲ್ರಿ" ಎಂದು ಮೂಗು ಮುಚ್ಚಿಕೊಂಡರು. ಎರಡು ಸಾವಿರ ವರ್ಷದ ವಾಸನೆ ಇನ್ನೂ ಉಳಿದಿರುತ್ತದೆಯೇ ಎಂದು ಅವರ ಗಂಡ ಛೇಡಿಸಿದರು. ಅವತ್ತು ನಾನು ನಕ್ಕದ್ದು ಅದೊಂದೇ ಸಲ.

ಪುಸ್ತಕಾಲಯದ ಎತ್ತರದ ಮುಂಭಾಗದ ಎದುರು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗೈಡು ಭಾವನ ಕೈಯಿಂದ ಕ್ಯಾಮೆರಾ ಇಸಿದುಕೊಂಡು ನಮ್ಮನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ. "ಮಾಮಾ, ಪಾಪಾ, ಕ್ಲೋಸರ್" ಅಂದ. ಭಾವ ಅರ್ಧ ಹೆಜ್ಜೆ ಸರಿದರು. ನಾನು ಸರಿಯಲಿಲ್ಲ, ದೂರವೂ ಹೋಗಲಿಲ್ಲ. ಗೈಡಿನ ತಪ್ಪನ್ನು ತಿದ್ದಲು ಇಬ್ಬರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಮಗು ನಡುವೆ ನಿಂತು ನಮ್ಮಿಬ್ಬರ ಮುಖವನ್ನೂ ತಿರುಗಿ ತಿರುಗಿ ನೋಡಿದಳು.

ಫೋಟೋ ಆದ ಮೇಲೆ ಮಗು ಬಿಸಿಲು ಎಂದಳು. ಆಂಟಿ ತಾವೇ ಅವಳನ್ನು ಕಂಬದ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿಕೊಂಡರು. ಭಾವ ನನ್ನ ಜೊತೆ ಮೆಟ್ಟಿಲು ಹತ್ತಿದರು. ಆ ಪ್ರವಾಸದಲ್ಲಿ ಮೊದಲ ಸಲ ಅವರು ತಾವಾಗಿ ಮಾತು ತೆಗೆದರು. ಜೆರಿಕೋದಿಂದ ಮ್ಯಾನ್‌ಹಟನ್ನಿಗೆ ದಿನಾ ಕಮ್ಯೂಟ್ ಮಾಡುವುದು ನನಗೆ ಕಷ್ಟವಾಗಬಹುದು, ಬೇಕಾದರೆ ಲಾಂಗ್ ಐಲೆಂಡಿನಲ್ಲೇ ಕೆಲಸ ನೋಡಬಹುದು, ಮೇಲಿನ ರೂಮಿನ ಬೀರು ಖಾಲಿ ಮಾಡಿಸಿದ್ದಾರೆ. ಅದು ಅಕ್ಕನ ಬೀರು. ಅವಳ ಸೀರೆಗಳನ್ನು ಎಲ್ಲಿಟ್ಟಿರಿ ಎಂದು ನಾನು ಕೇಳಲಿಲ್ಲ. ತಲೆ ಆಡಿಸುತ್ತ ಕೇಳಿಸಿಕೊಂಡೆ. ಅವರು ನನ್ನ ಉತ್ತರ ಹೂಂ ಎಂದೇ ಹಿಡಿದು ಮಾತಾಡುತ್ತಿದ್ದರು, ಮತ್ತು ಅದು ಹೂಂ ಎಂದೇ ಇತ್ತು. ಆದರೂ ನಾನೇ ಮೊದಲು ಮೆಟ್ಟಿಲು ಇಳಿಯತೊಡಗಿದೆ.

ಕೆಳಗೆ ಬಂದಾಗ ಮಗು ಬದಲಾಗಿದ್ದಳು. ನೀರಿನ ಬಾಟಲಿ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಕೈ ಹಿಡಿಯಲು ಹೋದರೆ ಎರಡೂ ಕೈಯಿಂದ ನೋಟ್‌ಬುಕ್ ಅವುಚಿಕೊಂಡಳು. ಅಪ್ಪನನ್ನೂ ಬಿಟ್ಟು ಗುಂಪಿನ ಹಿಂದೆ ಹಿಂದೆ ಬಂದಳು. ಏನಾಯಿತು ಎಂದರೆ ನಥಿಂಗ್. ಬಿಸಿಲಿಗಿರಬೇಕು ಅಂದುಕೊಂಡೆ. ಆದರೆ ಆಮೇಲೆ ಅವಳು ನನ್ನೊಡನೆ ಎರಡು ಸಲ ಮಾತಾಡಿದಳು, ಎರಡು ಸಲವೂ ಚಿಕ್ಕಮ್ಮ ಎಂದು ಕರೆಯಲಿಲ್ಲ. ಮಾತು ಬಂದಾಗಿನಿಂದ ಅವಳು ನನ್ನನ್ನು ಆ ಪದವಿಲ್ಲದೆ ಮಾತಾಡಿಸಿದ್ದೇ ಇಲ್ಲ. ಅದು ಬೆನ್ನಿಗೆ ತಗುಲಿದ ಮುಳ್ಳಿನಂತೆ ಚುಚ್ಚತೊಡಗಿತು.

ಬೀದಿಯ ಕೊನೆಗೆ ಗುಡ್ಡವನ್ನೇ ಕೊರೆದು ಮಾಡಿದ ದೊಡ್ಡ ರಂಗಮಂದಿರ. ಅದರ ಎದುರಿನಿಂದ ನೇರವಾಗಿ ಒಂದು ಅಗಲವಾದ ದಾರಿ, ಹಿಂದೆ ಬಂದರಿಗೆ ಹೋಗುತ್ತಿದ್ದದ್ದು, ಈಗ ಜೊಂಡು ಬೆಳೆದ ಬಯಲಿನಲ್ಲಿ ಮುಗಿಯುತ್ತದೆ. ಗೈಡು ಹದಿನೈದು ನಿಮಿಷ ಬಿಡುವು ಕೊಟ್ಟ. ನಾನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದೆ. ಎದ್ದು ನೋಡಿದರೆ ಮಗು ಇಲ್ಲ.

ಭಾವನ ಜೊತೆ ಇದ್ದಾಳೆ ಅಂದುಕೊಂಡೆ. ಭಾವ ನನ್ನ ಜೊತೆ ಇದ್ದಾಳೆ ಅಂದುಕೊಂಡಿದ್ದರು. ಆಗ ಮೂರು ಗಂಟೆ. ಗೈಡು ತಲೆ ಎಣಿಸಿದ, ಮತ್ತೆ ಎಣಿಸಿದ. ನಾಲ್ಕಾರು ಹಡಗುಗಳ ಜನ ಒಂದೇ ಹೊತ್ತಿಗೆ ಅಲ್ಲಿ ಇಳಿದಿದ್ದರು. ಎಲ್ಲಿ ನೋಡಿದರೂ ಸ್ಟಿಕ್ಕರ್ ಅಂಟಿಸಿಕೊಂಡ ಎದೆಗಳು. ಭಾವನ ಮುಖ ಬಿಳಿಚಿಕೊಂಡಿತು. ಅವಳು ಸಮುದ್ರ ಹುಡುಕಿಕೊಂಡು ಹೋಗಿರಬೇಕು ಎಂದು ಅವರು ಬಂದರಿನ ದಾರಿಯಲ್ಲಿ ಓಡಿದರು. ನಾನು ಯಾವತ್ತೂ ಓಡಿದ್ದು ನೋಡದಿದ್ದ ಮನುಷ್ಯ ಜಾರುವ ಕಲ್ಲಿನ ಮೇಲೆ ಕೈ ಬೀಸುತ್ತ ಓಡುತ್ತಿದ್ದರು.

ಆಂಟಿ ಬಂದು ನನ್ನ ಮಣಿಕಟ್ಟು ಹಿಡಿದರು. "ನಾ ಏನರ ತಪ್ಪ ಅಂದೆನೇನೋ ಗೊತ್ತಿಲ್ಲವಾ. ಚಿಕ್ಕಮ್ಮ ಅಂದ್ರ ಸ್ಟೆಪ್‌ಮದರ್ ಹೌದಲ್ಲ, ಆದ್ರೂ ಎಷ್ಟ ಛಂದಂಗ ನೋಡ್ಕೋತಾಳ ನಿನ್ನ, ಅಂತ ಅಂದೆ. ಕೂಸು ಆವಾಗಿಂದ ಮಾತೇ ಆಡಲಿಲ್ಲ."

ನಾನು ಅವಳ ತಾಯಿಯ ತಂಗಿ ಅಂದೆ. ಆಂಟಿ ನನ್ನ ಮಣಿಕಟ್ಟು ಬಿಟ್ಟರು. "ನಮ್ಮ ಮನ್ಯಾಗ ಅದಕ್ಕ ಮೌಶಿ ಅಂತೀವಿ," ಅಂದರು. "ಚಿಕ್ಕಮ್ಮ ಅಂದ್ರ ಅಪ್ಪನ ಎರಡನೇ ಹೇಂತಿ."

ನಮ್ಮ ಕಡೆಯೂ ಹಾಗೆ ಅನ್ನುತ್ತಾರೆ. ಅದೇ ಸಂಕಟ. ಮೈಸೂರು ಸೀಮೆಯಲ್ಲಿ ತಾಯಿಯ ತಂಗಿಯೂ ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿಯೂ ಚಿಕ್ಕಮ್ಮ, ಮಲತಾಯಿ ಎಂಬ ಮಾತು ಒರಟಾಯಿತು ಎನಿಸಿದಾಗ ಅವಳೂ ಚಿಕ್ಕಮ್ಮ. ಮೂವರಿಗೂ ಒಂದೇ ಪದ ಹಂಚಿಟ್ಟ ಹಿರಿಯರಿಗೆ ಅದರಿಂದ ಯಾವ ತೊಂದರೆಯೂ ಆದಂತಿಲ್ಲ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಜೆರಿಕೋದಲ್ಲಿ ಹುಟ್ಟಿದ ಮಗುವಿಗೆ ಒಂದು ಪದಕ್ಕೆ ಒಂದೇ ಅರ್ಥ. ನಿಮ್ಮ ಮೌಶಿಯನ್ನು ನೀವೇ ಇಟ್ಟುಕೊಳ್ಳಿ ಆಂಟಿ, ನಮ್ಮ ಮಗುವಿಗೆ ಕನ್ನಡ ಕಲಿಸಲು ನಿಮಗೆ ಯಾರು ಹೇಳಿದರು ಎಂದು ನಾನು ಜನರ ನಡುವೆ ಗದರಿಬಿಟ್ಟೆ. ತಾಯಿಯ ವಯಸ್ಸಿನವರಿಗೆ ಹಾಗೆ ಅಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವರು ನನ್ನ ಜೊತೆ ಹುಡುಕತೊಡಗಿದರು. ಅವರ ಗಂಡನೇ ಕ್ಯಾಮೆರಾದಲ್ಲಿ ಜೂಮ್ ಮಾಡಿ ಅವಳನ್ನು ಕಂಡುಹಿಡಿದದ್ದು. ರಂಗಮಂದಿರದ ತೀರ ಮೇಲಿನ ಸಾಲಿನಲ್ಲಿ ಅವಳ ಕೆಂಪು ಟೋಪಿ.

ಮೂರೂ ಹತ್ತು. ಐದು ನಿಮಿಷಕ್ಕಿಂತ ಹೆಚ್ಚು ಕಾಯಲಾರೆ ಎಂದು ಗೈಡು ಹೇಳಿದ, ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ಹತ್ತತೊಡಗಿದೆ. ಮೆಟ್ಟಿಲುಗಳು ಮೊಣಕಾಲೆತ್ತರ, ಅರ್ಧ ಮುರಿದವು. ಅವಳು ನನ್ನನ್ನು ನೋಡಿ ಇನ್ನೂ ಅಂಚಿಗೆ ಹೋದರೆ ಎಂಬ ಹೆದರಿಕೆಗೆ ಕೂಗಲಿಲ್ಲ. ಎಡವಿ ಒಂದು ಕಡೆ ಅಂಗೈ ತರಚಿತು. ನಡುವೆ ಒಮ್ಮೆ ನಿಂತು ಕೆಳಗೆ ನೋಡಿದರೆ ತಲೆ ತಿರುಗಿತು, ಭಾವ ಬಂದರಿನ ದಾರಿಯ ಕೊನೆಯಲ್ಲಿ ಚುಕ್ಕೆಯಷ್ಟು ಕಂಡರು. ಆಮೇಲೆ ನಿಲ್ಲಲಿಲ್ಲ.

ಅವಳು ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಅತ್ತಿರಲಿಲ್ಲ. ನಾನು ಎರಡು ಮಾರು ದೂರದಲ್ಲೇ ಕೂತೆ. ಉಸಿರು ಸಿಕ್ಕ ಮೇಲೆ, ಆಂಟಿ ಹೇಳಿದ್ದು ತಪ್ಪು, ಚಿಕ್ಕಮ್ಮ ಅಂದರೆ ಅಮ್ಮನ ತಂಗಿ ಅಂದೆ. ಆದರೆ ಆಂಟಿ ಹೇಳಿದ ಅರ್ಥವೂ ಇದೆಯೋ ಇಲ್ಲವೋ ಎಂದು ಕೇಳಿದಳು. ಸುಳ್ಳು ಹೇಳಬಹುದಾಗಿತ್ತು. ಆ ಮುಖ ನೋಡಿ ಆಗಲಿಲ್ಲ. ಇದೆ ಅಂದೆ.

ಅವಳು ತಾನು ಯೋಚಿಸಿಟ್ಟುಕೊಂಡಿದ್ದನ್ನು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಅಮ್ಮ ಇದ್ದಾಗಲೂ ನಿನ್ನನ್ನು ಹಾಗೇ ಕರೆಯುತ್ತಿದ್ದೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗಲೂ ಕರೆಯುತ್ತಿದ್ದೆ. ಹಾಗೆ ಕರೆಯಲು ಹೇಳಿಕೊಟ್ಟದ್ದೇ ಅಮ್ಮ. ನೀನು ಪ್ರತಿ ಶುಕ್ರವಾರ ಬರುತ್ತಿದ್ದೆ. ಆಮೇಲೆ ಕೇಳಿದಳು.

"ಸೋ, ವರ್ ಯು ವೇಟಿಂಗ್?"

ನೀನು ಕಾಯುತ್ತಿದ್ದೆಯಾ. ಅವಳ ಅಮ್ಮ ಸಾಯುವುದನ್ನು. ಎಂಟು ವರ್ಷದ ಮಗು ಕೇಳಿದ ಪ್ರಶ್ನೆ ಅದು. ಮೊದಲು ಬಂದದ್ದು ಸಿಟ್ಟು. ಎರಡು ಏಟು ಕೊಡಬೇಕೆನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಅಕ್ಕನ ಕಾಲು ಒತ್ತುತ್ತ ಕೂತಿದ್ದ ಒಂದೊಂದು ಶನಿವಾರದ ಮೇಲೂ ಯಾರೋ ಕೊಳೆ ಸುರಿದಂತೆ ಆಯಿತು. ಆಮೇಲೆ, ನಾನೀಗ ಹೂಂ ಅಂದುಬಿಟ್ಟರೆ ಈ ಪ್ರಶ್ನೆಗೆ ಈ ಜನ್ಮದಲ್ಲಿ ನನ್ನ ಹತ್ತಿರ ಉತ್ತರವಿರುವುದಿಲ್ಲ ಎಂಬುದು ಹೊಳೆಯಿತು. ಅವಳು ಹದಿನಾರು ವರ್ಷದವಳಾದಾಗ, ಇಪ್ಪತ್ತರವಳಾದಾಗ, ನನ್ನ ಮೇಲೆ ಮುನಿಸು ಬಂದಾಗಲೆಲ್ಲ ಅದು ಅವಳ ಒಳಗೆ ಏಳುತ್ತದೆ.

ಇಲ್ಲ ಅಂದೆ. ಯಾರೂ ಕಾಯುತ್ತಿರಲಿಲ್ಲ. ನಿನ್ನ ಅಮ್ಮ ಸರಿಹೋಗಲಿ ಎಂದಷ್ಟೇ ಕಾಯುತ್ತಿದ್ದೆ.

ಅವಳು ನನ್ನ ತರಚಿದ ಅಂಗೈ ನೋಡಿದಳು. ಆಮೇಲೆ ತಾತ ಫೋನಿನಲ್ಲಿ ಏನು ಕೇಳುತ್ತಿದ್ದಾರೆಂದು ತನಗೆ ಗೊತ್ತು ಅಂದಳು. ತಾನು ಕನ್ನಡದಲ್ಲಿ ಮಾತಾಡುವುದಿಲ್ಲವೇ ಹೊರತು ಕೇಳಿದ್ದೆಲ್ಲ ತಿಳಿಯುತ್ತದೆ, ಬೆಳಗ್ಗೆ ಅಪ್ಪ ಹೇಳಿದ್ದೂ ತಿಳಿಯಿತು. ನಾನು ನಿಮ್ಮ ಮನೆಯಲ್ಲೇ ಇರುವುದು ನಿನಗೆ ಬೇಡವೇ ಎಂದು ಕೇಳಿದೆ. ಕೇಳಬಾರದಾಗಿತ್ತು, ಆದರೂ ಕೇಳಿದೆ. ಅವಳು ಬಹಳ ಯೋಚಿಸಿ, ಅಪರೂಪಕ್ಕೆ ಕನ್ನಡದಲ್ಲಿ ಉತ್ತರಿಸಿದಳು. 

"ನೀನು ಅಲ್ಲೇ ಇದ್ರೆ ಫ್ರೈಡೇ ಯಾರು ಬರ್ತಾರೆ?"

ಸ್ಟೇಷನ್ನಿನಲ್ಲಿ ಕಾರಿನ ಕಿಟಕಿಗೆ ಮೂಗು ಒತ್ತಿ ರೈಲಿನಿಂದ ಇಳಿಯುವವರನ್ನೆಲ್ಲ ನೋಡುತ್ತ ಅವಳು ಕೂತಿರುತ್ತಿದ್ದಳು. ಅದು ಅವಳಿಗೆ ಇಷ್ಟು ದೊಡ್ಡದು ಎಂದು ನನಗೆ ತಿಳಿದಿರಲಿಲ್ಲ. ಫ್ರೈಡೇ ನಾನೇ ಬರುತ್ತೇನೆ ಅಂದೆ. ಪ್ರಾಮಿಸ್ ಎಂದು ಕೇಳಿದಳು, ಪ್ರಾಮಿಸ್ ಅಂದೆ. ಕೆಳಗೆ ಹಳದಿ ಕೊಡೆ ಅತ್ತಿತ್ತ ಬೀಸುತ್ತಿತ್ತು. ಒಬ್ಬರ ಕೈ ಒಬ್ಬರು ಹಿಡಿದು, ಕೂತು ಕೂತು ಇಳಿದೆವು. ಕೆಳಗೆ ಬರುವ ಹೊತ್ತಿಗೆ ಭಾವ ಓಡಿ ಬಂದು, ಮಗಳನ್ನು ಎತ್ತಿಕೊಂಡು, ನೆಲಕ್ಕೆ ಇಳಿಸದೆ ಗೇಟಿನವರೆಗೂ ನಡೆದರು. ಬೈಯಲಿಲ್ಲ.

ಬಸ್ಸು ಹೊರಟಿರಲಿಲ್ಲ. ಬಾಗಿಲ ಬಳಿಯೇ ನಿಂತಿದ್ದ ಆಂಟಿ, ನಾವು ಹತ್ತುವವರೆಗೂ ತಮ್ಮ ಒಂದು ಕಾಲನ್ನು ನೆಲದಿಂದ ತೆಗೆದಿರಲಿಲ್ಲವಂತೆ. ಹೊರಡಿಸುವುದಾದರೆ ನನ್ನನ್ನು ಎಳೆದುಕೊಂಡು ಹೋಗಿರಿ ಎಂದು ಡ್ರೈವರಿಗೆ ಕನ್ನಡದಲ್ಲೇ ಹೇಳಿದ್ದರೆಂದು ಅವರ ಗಂಡ ಹೇಳಿದರು. ನಾನು ಕ್ಷಮಿಸಿ ಅಂದೆ. ಅವರು ಒಂದು ಕಿತ್ತಳೆ ಹಣ್ಣು ಸುಲಿದು ಅರ್ಧ ನನಗೆ, ಅರ್ಧ ಮಗುವಿಗೆ ಕೊಟ್ಟರು. ಬಸ್ಸಿನಲ್ಲಿ ಉಳಿದವರು ಗಡಿಯಾರ ನೋಡಿಕೊಂಡು ಗೊಣಗುತ್ತಿದ್ದರು. ದಾರಿಯುದ್ದಕ್ಕೂ ಭಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಏನು ಹೇಳಬೇಕೋ ಅದನ್ನು ಬಾಯೊಳಗೇ ಜೋಡಿಸಿಕೊಳ್ಳುತ್ತ ನಾನು ಕೂತಿದ್ದೆ. ಎಷ್ಟು ಜೋಡಿಸಿದರೂ ಅದು ಒಬ್ಬ ಒಳ್ಳೆಯ ಮನುಷ್ಯನ ಮುಖಕ್ಕೆ ಹೊಡೆದ ಹಾಗೇ ಇರುತ್ತಿತ್ತು.

ಬಂದರು ತಲುಪಿದಾಗ ನಾಲ್ಕೂ ಇಪ್ಪತ್ತೈದು. ಹಡಗಿಗೆ ಹೋಗುವ ದಾರಿಯ ಪಕ್ಕದಲ್ಲಿ ಸಾಲಾಗಿ ಫೋನ್ ಬೂತುಗಳಿದ್ದವು. ಮಗು ಆಂಟಿಯ ಜೊತೆ ಎದುರಿನ ಬೆಂಚಿನ ಮೇಲೆ ಕೂತಳು, ನಮ್ಮ ಕಣ್ಣಿಗೆ ಕಾಣುವಷ್ಟು ಹತ್ತಿರ. ಭಾವ ಬೂತಿನಲ್ಲಿ ಕಾರ್ಡು ಹಾಕಿ, ರಿಸೀವರ್ ಕೈಗೆತ್ತಿಕೊಂಡು, ನಂಬರ್ ಒತ್ತದೆ ನಿಂತರು.

"ಬೇಡ ಅಂತ ಹೇಳಿ ಭಾವ," ಅಂದೆ. ಜೋಡಿಸಿಟ್ಟುಕೊಂಡದ್ದೆಲ್ಲ ಮರೆತುಹೋಗಿತ್ತು.

ಅವರು ರಿಸೀವರನ್ನು ನಿಧಾನವಾಗಿ ಅದರ ಕೊಕ್ಕೆಗೆ ಸಿಕ್ಕಿಸಿದರು. ಗಾಜಿಗೆ ಒರಗಿ ನಿಂತರು. ಬೇಸರವೋ ಅವಮಾನವೋ ಎಂದು ನಾನು ಅವರ ಮುಖದಲ್ಲಿ ಹುಡುಕಿದೆ. ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಿಮ್ಮಕ್ಕ ಆಸ್ಪತ್ರೆಯಲ್ಲೇ ಹೇಳಿದ್ದಳು," ಅಂದರು. "ನಾಳೆ ಎಲ್ಲರೂ ಸೇರಿ ನನ್ನ ತಂಗೀನೇ ಮಾಡ್ಕೋ ಅಂತಾರೆ. ಅವಳನ್ನ ಕೇಳಬೇಡಿ. ನೀವು ಕೇಳಿದ್ರೆ ಮಗು ಮುಖ ನೋಡಿ ಹೂಂ ಅಂದುಬಿಡ್ತಾಳೆ, ಅಂತ. ನಾನು ಕೇಳಿಬಿಟ್ಟೆ."

ಬೂತಿನ ಹೊರಗೆ ಹಡಗಿನ ಜನ ಚೀಲ ಹೊತ್ತು ಸಾಗುತ್ತಿದ್ದರು. ನನಗೆ ಭಾವನ ಮೇಲೆ ಕೆಂಡದಂಥ ಸಿಟ್ಟು ಬಂತು. ಗೊತ್ತಿದ್ದೂ ಕೇಳಿದ್ದಕ್ಕೆ, ನನ್ನನ್ನು ಅಷ್ಟು ಹತ್ತಿರಕ್ಕೆ ತಂದು ನಿಲ್ಲಿಸಿದ್ದಕ್ಕೆ. ಅಕ್ಕನ ಮೇಲೂ ಬಂತು, ಆ ಮಂಚದ ಮೇಲೆ ಮಲಗಿ ತನ್ನ ನೋವಿನ ನಡುವೆ ನನ್ನ ಹೂಂ ಬಗ್ಗೆ ಯೋಚಿಸಿದ್ದಕ್ಕೆ. ನಾನು ಅತ್ತೆ. ಭಾವ ಕರ್ಚೀಫು ಕೊಡಲು ಕೈ ಜೇಬಿಗೆ ಹಾಕಿದರು, ಅದು ಆಗಲೇ ಒದ್ದೆಯಾಗಿದ್ದನ್ನು ನೋಡಿ ಮತ್ತೆ ಒಳಗಿಟ್ಟರು. ಮಾವನಿಗೆ ಏನಾದರೂ ಹೇಳಿ ತಾನೇ ಸಂಭಾಳಿಸುತ್ತೇನೆ, ತನಗೇ ಇಷ್ಟವಿಲ್ಲ ಅಂದುಬಿಡುತ್ತೇನೆ ಅಂದರು.

ಬೇಡ ಅಂದೆ. ಅವರನ್ನು ಪಕ್ಕಕ್ಕೆ ಸರಿಸಿ ನಾನೇ ರಿಸೀವರ್ ಎತ್ತಿಕೊಂಡು ಊರಿನ ನಂಬರ್ ಒತ್ತಿದೆ. ಅಪ್ಪ ಫೋನಿನ ಪಕ್ಕದಲ್ಲೇ ಕೂತಿದ್ದರೆಂದು ಕಾಣುತ್ತದೆ, ಮೊದಲ ರಿಂಗಿಗೇ ಎತ್ತಿ "ಹೇಳಿ ಅಳಿಯಂದ್ರೇ" ಅಂದರು.

"ನಾನಪ್ಪ," ಅಂದೆ. "ಕೇಳೋದಿದ್ರೆ ನನ್ನ ಕೇಳಿ."